ಎರಡು ವರ್ಷದ ಹೊಟ್ಟೆನೋವು: ಸೋಮವಾರಪೇಟೆ ಕಡೆಯ ಒಂದು ಪ್ರಕರಣ

ರೋಗಿ ನನ್ನ ಭಾವ, ಅಕ್ಕನ ಗಂಡ. ಕಾಯಿಲೆ ಶುರುವಾದಾಗ ಅವರಿಗೆ 41 ವರ್ಷ. ಸೋಮವಾರಪೇಟೆಗೂ ಮಾದಾಪುರಕ್ಕೂ ನಡುವೆ ಇರುವ ಒಂದು ಕಾಫಿ ತೋಟದಲ್ಲಿ ರೈಟರ್ ಕೆಲಸ. ಬೀಡಿ, ಸಿಗರೇಟು ಇಲ್ಲ. ಮದುವೆ, ಹಬ್ಬಕ್ಕೆ ಸ್ವಲ್ಪ ಕುಡಿಯುತ್ತಿದ್ದರು, ಅಷ್ಟೇ. ಸಕ್ಕರೆ ಕಾಯಿಲೆ, ಬಿಪಿ ಇರಲಿಲ್ಲ. 2022ರ ಮಳೆಗಾಲದಲ್ಲಿ ಹೊಟ್ಟೆ ತೊಂದರೆ ಶುರುವಾಯಿತು. ಏನು ಕಾಯಿಲೆ ಅಂತ ಗೊತ್ತಾಗಿದ್ದು 2024ರಲ್ಲಿ. ನಡುವಿನ ಎರಡು ವರ್ಷ ಹೇಗೆ ಕಳೆಯಿತು, ಕೊನೆಗೆ ದಾರಿ ಎಲ್ಲಿ ಸಿಕ್ಕಿತು ಅನ್ನುವುದನ್ನು ಬರೆಯಲು ಭಾವನೇ ಹೇಳಿದರು. ನಾನು ಕುಶಾಲನಗರದಲ್ಲಿ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು, ಡಾಕ್ಟರ್ ಅಲ್ಲ. ರಿಪೋರ್ಟುಗಳನ್ನು ಮುಂದಿಟ್ಟುಕೊಂಡು, ಅರ್ಥವಾಗದ್ದನ್ನು ಡಾಕ್ಟರ ಹತ್ತಿರ ಕೇಳಿ ತಿಳಿದುಕೊಂಡು ಬರೆದಿದ್ದೇನೆ.

ತುಂಡು ತುಂಡಾಗಿ ನಡೆದ ಚಿಕಿತ್ಸೆ

ಮೊದಲು ಬಂದಿದ್ದು ಊಟವಾದ ಒಂದೆರಡು ಗಂಟೆಗೆ ಹೊಕ್ಕುಳ ಸುತ್ತ ಹಿಂಡುವ ನೋವು. ಹೊಟ್ಟೆ ಉಬ್ಬುತ್ತಿತ್ತು, ಗುಡುಗುಡು ಶಬ್ದ ಬರುತ್ತಿತ್ತು. ಗಾಳಿ ಹೋದರೆ ನೋವು ಇಳಿಯುತ್ತಿತ್ತು. ಕೆಲವು ದಿನ ಭೇದಿ, ಆಮೇಲೆ ನಾಲ್ಕು ದಿನ ಮಲಬದ್ಧತೆ. ಊರಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: ಗ್ಯಾಸ್ಟ್ರಿಕ್. ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ಅನ್ನುವ ಆಸಿಡ್ ತಗ್ಗಿಸುವ ಮಾತ್ರೆ ಶುರುವಾಯಿತು. ಅಕ್ಕ ಸಾರಿಗೆ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕುವುದನ್ನು ಬಿಟ್ಟಳು. ಹಂದಿ ಮಾಂಸದಿಂದ ಹುಳ ಆಗಿರಬೇಕು ಅಂತ ಯಾರೋ ಹೇಳಿದರು. ಅದೂ ನಿಂತಿತು, ಹುಳದ ಮಾತ್ರೆಯೂ ಆಯಿತು. ಕಣಿಲೆ, ಹಲಸು, ಅಣಬೆ ಒಂದೊಂದಾಗಿ ತಟ್ಟೆಯಿಂದ ಹೋದವು. ಕೊನೆಗೆ ಉಳಿದಿದ್ದು ಗಂಜಿ, ಮಜ್ಜಿಗೆ, ಬೆಂದ ಅನ್ನ.

ಭೇದಿ ಜಾಸ್ತಿಯಾದಾಗ ಮೆಡಿಕಲ್ ಅಂಗಡಿಯಿಂದ ಓಫ್ಲಾಕ್ಸಸಿನ್, ಆರ್ನಿಡಜೋಲ್ ಅನ್ನುವ ಎರಡು ಆಂಟಿಬಯೋಟಿಕ್ ಸೇರಿದ ಮಾತ್ರೆ ಬರುತ್ತಿತ್ತು. ಚೀಟಿ ಯಾರೂ ಕೇಳುತ್ತಿರಲಿಲ್ಲ. ಅದನ್ನು ನುಂಗಿದರೆ ಒಂದೆರಡು ವಾರ ನಿಜವಾಗಿಯೂ ಆರಾಮ. ಆಮೇಲೆ ಮತ್ತೆ ಅದೇ ಕತೆ. ಈ ಮಾತ್ರೆಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

2023ರ ಜನವರಿ ಹೊತ್ತಿಗೆ ತೋಟದಲ್ಲಿ ಕುಯ್ಲಿನ ಕೆಲಸ ಜೋರಾಗಿತ್ತು. ಭಾವ ಸೊರಗಿದ್ದು ಎಲ್ಲರ ಕಣ್ಣಿಗೂ ಬಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಬೆಟ್ಟ ಹತ್ತಿ ಇಳಿಯುವವರು, ಕುಯ್ಲು ಮುಗಿದರೆ ಮೈ ತುಂಬಿಕೊಳ್ಳುತ್ತದೆ ಅಂದುಕೊಂಡರು. ಆ ತಿಂಗಳಲ್ಲೇ ಅಲ್ಟ್ರಾಸೌಂಡ್ ಆಯಿತು. ವಿಶೇಷ ಏನೂ ಇಲ್ಲ. ಗಂಟಲಿನಿಂದ ಪೈಪ್ ಹಾಕಿ ಎಂಡೋಸ್ಕೋಪಿ ಮಾಡಿದರು. ಹೊಟ್ಟೆಯ ಒಳಪದರ ಸ್ವಲ್ಪ ಕೆಂಪಾಗಿದೆ ಅಂತ ಬರೆದು, ಹಳೆಯ ಮಾತ್ರೆಯನ್ನೇ ಡೋಸ್ ಏರಿಸಿ ಕೊಟ್ಟರು.

ಈ ಎಂಡೋಸ್ಕೋಪಿ ರಿಪೋರ್ಟು ನಮಗೆ ದೊಡ್ಡ ಸಮಾಧಾನ ಕೊಟ್ಟಿತು. ಅದೇ ನಮ್ಮನ್ನು ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ತಡೆದಿದ್ದು ಕೂಡ. ಬಾಯಿಂದ ಹಾಕುವ ಆ ಪೈಪು ಅನ್ನನಾಳ, ಜಠರ, ಸಣ್ಣ ಕರುಳಿನ ಮೊದಲ ಭಾಗ, ಇಷ್ಟನ್ನು ಮಾತ್ರ ನೋಡುತ್ತದೆ. ಅಲ್ಲಿಂದ ಮುಂದೆ ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ ಇದೆ. ಭಾವನ ತೊಂದರೆ ಇದ್ದಿದ್ದು ಅದರ ಕಟ್ಟಕಡೆಯಲ್ಲಿ. "ಒಳಗೆಲ್ಲಾ ನೋಡಿದ್ದಾರೆ, ನಾರ್ಮಲ್" ಅಂತ ಮನೆಯವರು ಹೇಳುತ್ತಿದ್ದರು. ನೋಡದೇ ಇದ್ದ ಭಾಗ ಎಷ್ಟಿದೆ ಅಂತ ರೋಗಿಗೆ ಯಾರೂ ಹೇಳಿರಲಿಲ್ಲ. ಇದನ್ನು ಹೇಳುವುದಕ್ಕೆ ಒಂದು ನಿಮಿಷವೂ ಬೇಡ.

ಆ ವರ್ಷದ ಕೊನೆಗೆ ಬೇರೊಬ್ಬರು ಡಾಕ್ಟರ್ ನೋಡಿ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಅಂದರು. ಮನಸ್ಸಿಗೆ ಟೆನ್ಶನ್ ಜಾಸ್ತಿ, ಕರುಳು ಸೂಕ್ಷ್ಮ, ಜೀವಕ್ಕೇನೂ ಅಪಾಯ ಇಲ್ಲ ಅಂತ. ಐಬಿಎಸ್ ಅನ್ನುವುದು ಸುಳ್ಳು ಕಾಯಿಲೆ ಅಲ್ಲ. ತುಂಬಾ ಜನರಿಗೆ ಇದೆ, ನರಳಾಟವೂ ನಿಜ. ಆದರೆ ಆ ಹೆಸರು ಕೊಡುವ ಮೊದಲು ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ. ತೂಕ ಇಳಿದಿದೆಯಾ? ಜ್ವರ ಬರುತ್ತಾ? ಮಲದಲ್ಲಿ ರಕ್ತ ಇದೆಯಾ? ರಕ್ತಹೀನತೆ ಇದೆಯಾ? ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಾ? ಒಂದಕ್ಕೆ ಹೌದು ಅಂದರೂ ಇನ್ನೂ ಹುಡುಕಬೇಕು. ಭಾವನಿಗೆ ಈ ಪ್ರಶ್ನೆಗಳಲ್ಲಿ ಮೂರಕ್ಕೆ ಉತ್ತರ ಹೌದು. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಂಜೆ ಮೈ ಬಿಸಿಯಾಗುವುದಕ್ಕೂ ಹೊಟ್ಟೆಗೂ ಸಂಬಂಧ ಇರಬಹುದು ಅಂತ ಅವರಿಗೆ ಹೊಳೆಯುವುದಾದರೂ ಹೇಗೆ? ಮಳೆಯಲ್ಲಿ ನೆನೆದಿದ್ದಕ್ಕೆ ಜ್ವರ, ಬೆಟ್ಟ ಹತ್ತಿದ್ದಕ್ಕೆ ಸೊರಗಿದ್ದು, ಗ್ಯಾಸ್ಟ್ರಿಕ್‌ಗೆ ನೋವು. ಒಂದೊಂದಕ್ಕೂ ಒಂದೊಂದು ಕಾರಣ ಸಿದ್ಧವಾಗಿತ್ತು.

ಚೆಕ್‌ರೋಲ್ ಪುಸ್ತಕದ ಹಾಳೆ

2024ರ ಮೇ ತಿಂಗಳಲ್ಲಿ ಮಡಿಕೇರಿಯಲ್ಲಿ ಒಬ್ಬ ಯುವ ಡಾಕ್ಟರ್ ಅವರನ್ನು ನೋಡಿದರು. ಮಾತ್ರೆ ಬರೆಯುವ ಮೊದಲು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. 53 ಕೆಜಿ.

"ಮೊದಲು ಎಷ್ಟಿತ್ತು?"

"63 ಇತ್ತು ಮೇಡಂ. ಕುಯ್ಲಲ್ಲಿ ಕಾಫಿ ಹಣ್ಣು ತೂಗುವಾಗ ನಾವೂ ತೂಕ ನೋಡ್ಕೋತೀವಿ. ಅದಕ್ಕೇ ಗೊತ್ತು."

"ಐಬಿಎಸ್‌ನಲ್ಲಿ ಹತ್ತು ಕೆಜಿ ಇಳಿಯೋದಿಲ್ಲ ಅಣ್ಣ. ನಾನು ಈಗ ಹೊಸ ಮಾತ್ರೆ ಕೊಡೋದಿಲ್ಲ. ಎರಡು ವಾರ ಎಲ್ಲಾ ಬರೆದಿಟ್ಟುಕೊಂಡು ಬನ್ನಿ."

ಬರೆಯುವುದು ಭಾವನ ಕೆಲಸವೇ. ಯಾರು ಬಂದರು, ಎಷ್ಟು ಹೊತ್ತು ದುಡಿದರು, ಎಷ್ಟು ಕೆಜಿ ಹಣ್ಣು ಕುಯ್ದರು ಅಂತ ದಿನಾ ಚೆಕ್‌ರೋಲ್ ತುಂಬುವವರು. ಹಳೆಯ ಚೆಕ್‌ರೋಲ್ ಪುಸ್ತಕದಲ್ಲಿ ಖಾಲಿ ಹಾಳೆ ತೆಗೆದು ಗೆರೆ ಹಾಕಿದರು. ಊಟದ ಹೊತ್ತು, ತಿಂದಿದ್ದೇನು, ನೋವು ಬಂದ ಹೊತ್ತು, ನೋವಿನ ಜಾಗ, ಮಲ ಹೇಗಿತ್ತು, ಸಂಜೆ ಥರ್ಮಾಮೀಟರ್ ಎಷ್ಟು ತೋರಿಸಿತು, ರಾತ್ರಿ ಎದ್ದಿದ್ದು. ಕೊನೆಯ ಕಾಲಂನಲ್ಲಿ ಯಾವ ಮಾತ್ರೆ ನುಂಗಿದೆ ಅನ್ನುವುದು.

ಎರಡು ವಾರದಲ್ಲಿ ಹಾಳೆ ತುಂಬಿತು. ನನಗೂ ಅದನ್ನು ನೋಡಿ ಗಾಬರಿಯಾಯಿತು. ಹೆಚ್ಚು ಕಮ್ಮಿ ಪ್ರತಿ ಸಂಜೆಯೂ 99.5ರಿಂದ 100.5 ಡಿಗ್ರಿ ಜ್ವರ. ನೋವು ಬಹಳ ಸಲ ಬಲಗಡೆ ಕೆಳಹೊಟ್ಟೆಯಲ್ಲೇ. ಗಂಜಿ ಕುಡಿದ ದಿನ ನೋವು ಕಡಿಮೆ, ಅಕ್ಕಿ ರೊಟ್ಟಿ, ಸೊಪ್ಪಿನ ಪಲ್ಯ ತಿಂದ ದಿನ ಜಾಸ್ತಿ. ಕೆಲವೊಮ್ಮೆ ಹೊಟ್ಟೆಯಲ್ಲಿ ಚೆಂಡಿನ ಹಾಗೆ ಏನೋ ಎದ್ದು, ಸರಿದು, ಮಾಯವಾಗುತ್ತಿತ್ತು.

ಆ ಚೆಂಡಿನ ಮಾತು ಓದಿದ ತಕ್ಷಣ ಡಾಕ್ಟರ್ ಮುಖ ಎತ್ತಿದರು. ಕರುಳು ಎಲ್ಲೋ ಕಿರಿದಾಗಿರಬಹುದು ಅಂದರು. ಕಿರಿದಾದ ಜಾಗದಿಂದ ಆಹಾರವನ್ನು ಆಚೆ ತಳ್ಳಲು ಅದರ ಹಿಂದಿನ ಕರುಳು ಬಲವಾಗಿ ಹಿಂಡುತ್ತದೆ, ಅದೇ ಗಂಟಿನ ಹಾಗೆ ಕೈಗೆ ಸಿಗುತ್ತದೆ. ಗಂಜಿ ಸುಲಭವಾಗಿ ದಾಟುತ್ತದೆ, ನಾರಿನ ಆಹಾರ ದಾಟುವುದಿಲ್ಲ. ಎರಡು ವರ್ಷದಿಂದ ಬಿಡಿಬಿಡಿಯಾಗಿದ್ದ ವಿಷಯಗಳು ಒಂದೇ ಹಾಳೆಯ ಮೇಲೆ ಬಂದ ಮೇಲೆ ಒಂದೇ ಕಡೆ ಬೆರಳು ಮಾಡಿದವು. ಇದಕ್ಕೆ ಯಾವ ಯಂತ್ರವೂ ಬೇಕಾಗಿರಲಿಲ್ಲ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ, 9.8. ಉರಿಯೂತ ಇದ್ದರೆ ಏರುವ ಇಎಸ್‌ಆರ್ 62. ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ಕೂಡ ಕಡಿಮೆ. ಸಕ್ಕರೆ ಸರಿ ಇತ್ತು, ಎಚ್‌ಐವಿ ನೆಗೆಟಿವ್. ಎದೆಯ ಎಕ್ಸ್‌ರೇ ಚೆನ್ನಾಗಿತ್ತು. ಮಲದಲ್ಲಿ ಕ್ಯಾಲ್ಪ್ರೊಟೆಕ್ಟಿನ್ ಅನ್ನುವ ಪರೀಕ್ಷೆಗೂ ಕಳಿಸಿದರು. ಕರುಳಿನಲ್ಲಿ ಉರಿಯೂತ ಇದ್ದರೆ ಅದು ಏರುತ್ತದೆ. ಸಾಮಾನ್ಯವಾಗಿ 50ಕ್ಕಿಂತ ಕಡಿಮೆ ಇರಬೇಕು, ಭಾವನದು 480. ಏನು ಕಾಯಿಲೆ ಅಂತ ಈ ಪರೀಕ್ಷೆ ಹೇಳುವುದಿಲ್ಲ. ಆದರೆ ಇದು ಬರೀ ಟೆನ್ಶನ್ ಅಲ್ಲ ಅಂತ ಗಟ್ಟಿಯಾಗಿ ಹೇಳುತ್ತದೆ. ರಿಪೋರ್ಟ್ ನೋಡಿ ಅಕ್ಕ ಅತ್ತುಬಿಟ್ಟಳು. ಭಾವನ ಮುಖದಲ್ಲಿ ಮಾತ್ರ ಒಂಥರಾ ನೆಮ್ಮದಿ ಇತ್ತು. "ನಾನು ಸುಮ್ನೆ ಹೇಳ್ತಿರಲಿಲ್ಲ ಅಂತ ಈಗಲಾದ್ರೂ ಗೊತ್ತಾಯ್ತಲ್ಲ" ಅಂದರು. ಆ ಮಾತು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಮೈಸೂರಿನಲ್ಲಿ

ಜೂನ್ ಕೊನೆಗೆ ಮೈಸೂರಿನ ಕರುಳು ತಜ್ಞರ ಹತ್ತಿರ ಹೋದೆವು. ಮಡಿಕೇರಿ ಡಾಕ್ಟರ್ ಕೊಟ್ಟ ಪತ್ರ, ಚೆಕ್‌ರೋಲ್ ಹಾಳೆ, ಹಳೆಯ ರಿಪೋರ್ಟುಗಳನ್ನು ತಾರೀಕಿನ ಪ್ರಕಾರ ಜೋಡಿಸಿದ ಫೈಲು ನಮ್ಮ ಕೈಯಲ್ಲಿತ್ತು. ಡಾಕ್ಟರು ಹಾಳೆಯ ಕೊನೆಯ ಕಾಲಂ ಮೇಲೆ ಬೆರಳಿಟ್ಟರು.

"ಈ ಮಾತ್ರೆ ತಗೊಂಡಾಗ ಎಷ್ಟು ದಿನ ಚೆನ್ನಾಗಿರ್ತಿದ್ರಿ?"

"ಹತ್ತು ಹದಿನೈದು ದಿನ ಸಾರ್. ಜ್ವರಾನೂ ಬರ್ತಿರಲಿಲ್ಲ."

ಓಫ್ಲಾಕ್ಸಸಿನ್ ಕ್ಷಯದ ರೋಗಾಣುವಿನ ಮೇಲೂ ಸ್ವಲ್ಪ ಕೆಲಸ ಮಾಡುತ್ತದೆ ಅಂತ ಅವರು ವಿವರಿಸಿದರು. ಪೂರ್ತಿ ಕೊಲ್ಲುವುದಿಲ್ಲ. ಸ್ವಲ್ಪ ತಗ್ಗಿಸಿ ಬಿಡುತ್ತದೆ. ಹಾಗಾಗಿ ಟಿಬಿ ಇದ್ದವರಿಗೆ ಈ ಗುಂಪಿನ ಔಷಧ ಆಗಾಗ ಸಿಕ್ಕರೆ ಕಾಯಿಲೆ ಪತ್ತೆಯಾಗುವುದು ತಡವಾಗಬಹುದು, ರೋಗಾಣು ಔಷಧಕ್ಕೆ ಬಗ್ಗದ ಹಾಗೆ ಆಗುವ ಅಪಾಯವೂ ಇದೆ. ಇದೊಂದನ್ನೇ ಸಾಕ್ಷಿ ಅಂತ ಹಿಡಿಯುವುದಕ್ಕಾಗುವುದಿಲ್ಲ, ಆರಾಮ ಸಿಗಲು ಬೇರೆ ಕಾರಣವೂ ಇರಬಹುದು ಅಂತಲೂ ಸೇರಿಸಿದರು. ಚೀಟಿ ಇಲ್ಲದೆ ಈ ಮಾತ್ರೆಗಳನ್ನು ಕೊಡುವ ಅಂಗಡಿಗಳ ಬಗ್ಗೆ ನನಗೆ ಇರುವ ಸಿಟ್ಟು ಆವತ್ತಿನಿಂದ ಇನ್ನೂ ಇಳಿದಿಲ್ಲ.

ಸಿಟಿ ಸ್ಕ್ಯಾನ್‌ನಲ್ಲಿ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗ ದಪ್ಪಗಾಗಿರುವುದು ಕಂಡಿತು. ಸುತ್ತ ಕೆಲವು ಗ್ರಂಥಿಗಳು ಊದಿಕೊಂಡಿದ್ದವು. ಕರುಳಿನ ಟಿಬಿ ಹೆಚ್ಚಾಗಿ ಕೂರುವುದು ಇದೇ ಜಾಗದಲ್ಲಿ. ದೇಹದ ರಕ್ಷಣಾ ವ್ಯವಸ್ಥೆ ಹದ ತಪ್ಪಿ ಕರುಳಿನಲ್ಲಿ ಉರಿಯೂತ ಬಹುಕಾಲ ಉಳಿಯುವ ಕ್ರೋನ್ಸ್ ಕಾಯಿಲೆಯೂ ಹೆಚ್ಚಾಗಿ ಇದೇ ಜಾಗವನ್ನು ಹಿಡಿಯುತ್ತದೆ. ನಿಜವಾದ ಕಷ್ಟ ಇಲ್ಲಿಂದ ಶುರು.

ಮುಂದೆ ಕೊಲೊನೋಸ್ಕೋಪಿ, ಅಂದರೆ ಗುದದ ಮೂಲಕ ಪೈಪ್ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ. ಹಿಂದಿನ ದಿನ ಕರುಳು ಖಾಲಿ ಮಾಡಲು ಪುಡಿ ಕಲಸಿದ ನೀರು ಲೀಟರ್‌ಗಟ್ಟಲೆ ಕುಡಿಯಬೇಕು. ಕರುಳು ಕಿರಿದಾಗಿದೆ ಅನ್ನುವ ಅನುಮಾನ ಇದ್ದರೆ ಅದನ್ನು ಡಾಕ್ಟರ್ ಹೇಳಿದಷ್ಟು ನಿಧಾನವಾಗಿಯೇ ಕುಡಿಯಬೇಕು. ವಾಂತಿ ಶುರುವಾದರೆ ನಿಲ್ಲಿಸಿ ಫೋನ್ ಮಾಡಿ ಅಂದಿದ್ದರು. ಅದನ್ನು ಕುಡಿದು ಸೋಮವಾರಪೇಟೆಯಿಂದ ಬಸ್ ಹತ್ತುವ ಹಾಗಿಲ್ಲ. ಮೈಸೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದೆವು. ನಮ್ಮ ಕಡೆಯಿಂದ ಹೋಗುವವರು ಇದನ್ನು ಮೊದಲೇ ಯೋಚಿಸಿಕೊಂಡು ಹೊರಡಿ.

ಒಳಗೆ ಹುಣ್ಣುಗಳಿದ್ದವು. ಕರುಳಿನ ಉದ್ದಕ್ಕಲ್ಲ, ಅಡ್ಡಕ್ಕೆ. ಎರಡು ಕರುಳು ಸೇರುವ ಕವಾಟ ಬಾಯಿ ತೆರೆದುಕೊಂಡಿತ್ತು. ಎರಡೂ ಟಿಬಿ ಕಡೆ ವಾಲುವ ಲಕ್ಷಣ. ಹಲವು ಕಡೆಯಿಂದ ತುಂಡು ತೆಗೆದರು. ಕೆಲವನ್ನು ಫಾರ್ಮಲಿನ್‌ನಲ್ಲಿ ಹಾಕಿ ಸೂಕ್ಷ್ಮದರ್ಶಕಕ್ಕೆ ಕಳಿಸಿದರು. ಇನ್ನು ಕೆಲವನ್ನು ಸಲೈನ್‌ನಲ್ಲಿ ಇಟ್ಟು ಸಿಬಿನಾಟ್ (ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ) ಪರೀಕ್ಷೆಗೆ, ಕಲ್ಚರ್‌ಗೆ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಿದರು. ಫಾರ್ಮಲಿನ್‌ಗೆ ಬಿದ್ದ ರೋಗಾಣು ಸಾಯುತ್ತದೆ, ಆಮೇಲೆ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಹಾಗಾಗಿ ಸಲೈನ್‌ನಲ್ಲೂ ತುಂಡು ಹೋಗುತ್ತಾ ಅಂತ ಮೊದಲೇ ವಿಚಾರಿಸುವುದು ಒಳ್ಳೆಯದು.

ರಿಪೋರ್ಟುಗಳು ಬಂದವು. ಗ್ರಾನುಲೋಮಾ ಇದೆ, ಅಂದರೆ ರೋಗಕ್ಕೆ ಎದುರಾಗಿ ದೇಹದ ಕಣಗಳು ಕಟ್ಟಿಕೊಂಡ ಗಂಟು. ಅದು ಟಿಬಿಯಲ್ಲೂ ಇರುತ್ತದೆ, ಕ್ರೋನ್ಸ್‌ನಲ್ಲೂ ಇರುತ್ತದೆ. ಟಿಬಿಯನ್ನು ಖಚಿತ ಮಾಡುವಂತೆ ಗಂಟಿನ ನಡುಭಾಗ ಕೊಳೆತಿರಲಿಲ್ಲ. ಸಿಬಿನಾಟ್ ನೆಗೆಟಿವ್. ಕಲ್ಚರ್‌ಗೆ ಆರು ವಾರ ಕಾಯಬೇಕು.

"ಹಾಗಾದ್ರೆ ಟಿಬಿ ಅಲ್ವಾ ಸಾರ್?" ಅಂತ ಅಕ್ಕ ಕೇಳಿದಳು.

"ಹಾಗಲ್ಲಮ್ಮ. ಕರುಳಿನ ತುಂಡಿನಲ್ಲಿ ರೋಗಾಣು ಬಹಳ ಕಡಿಮೆ ಇರುತ್ತೆ. ಪಾಸಿಟಿವ್ ಬಂದ್ರೆ ಟಿಬಿ ಅಂತ ಧೈರ್ಯವಾಗಿ ಹೇಳಬಹುದು. ನೆಗೆಟಿವ್ ಬಂದ್ರೆ ಅಲ್ಲ ಅಂತ ಹೇಳೋಕೆ ಆಗಲ್ಲ. ನನಗೂ ಇವತ್ತು ಪೂರ್ತಿ ಖಾತ್ರಿ ಇಲ್ಲ."

ಎರಡು ವರ್ಷದಲ್ಲಿ ಖಾತ್ರಿ ಇಲ್ಲ ಅಂತ ಒಬ್ಬರು ಡಾಕ್ಟರ್ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರ ಮೇಲೆ ನನಗೆ ನಂಬಿಕೆ ಬಂದಿದ್ದೂ ಆಗಲೇ. ಯಾಕೆಂದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಎರಡು ತಪ್ಪುಗಳಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಅಂತ ಬಿಡಿಸಿ ಹೇಳಿದರು. ಕ್ರೋನ್ಸ್ ಅಂದುಕೊಂಡು ಸ್ಟೀರಾಯ್ಡ್ ಕೊಟ್ಟರೆ, ಅದು ದೇಹದ ರಕ್ಷಣೆಯನ್ನು ತಗ್ಗಿಸುತ್ತದೆ. ಒಳಗೆ ಟಿಬಿ ಇದ್ದರೆ ಮೈಯೆಲ್ಲಾ ಹರಡಬಹುದು. ಟಿಬಿ ಅಂದುಕೊಂಡು ಟಿಬಿ ಔಷಧ ಕೊಟ್ಟರೆ, ಇರುವುದು ಕ್ರೋನ್ಸ್ ಆಗಿದ್ದಲ್ಲಿ ಸರಿಯಾದ ಚಿಕಿತ್ಸೆ ಎರಡು ಮೂರು ತಿಂಗಳು ತಡವಾಗುತ್ತದೆ. ಅದೂ ಒಳ್ಳೆಯದಲ್ಲ, ಕರುಳು ಇನ್ನಷ್ಟು ಕಿರಿದಾಗಬಹುದು. ಆದರೆ ಮೊದಲನೆಯದರಷ್ಟು ಅಪಾಯ ಅಲ್ಲ. ಭಾವನಿಗೆ ದಿನಾ ಸಂಜೆ ಜ್ವರ, ಅಡ್ಡ ಹುಣ್ಣು, ತೆರೆದ ಕವಾಟ. ಗುದದ ಸುತ್ತ ಕ್ರೋನ್ಸ್‌ನಲ್ಲಿ ಬರುವ ಹುಣ್ಣು, ಕೀವು ಇಲ್ಲ. ಟಿಬಿ ಔಷಧ ಶುರು ಮಾಡೋಣ, ಎರಡು ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಯ್ದಿದೆಯಾ ಅಂತ ಕಣ್ಣಾರೆ ನೋಡೋಣ ಅಂದರು.

ಮತ್ತೆ ಪೈಪ್ ಹಾಕಿಸಿಕೊಳ್ಳುವುದು ಭಾವನಿಗೆ ಇಷ್ಟವಿರಲಿಲ್ಲ. ನೋವು ಕಡಿಮೆಯಾದರೆ ಸಾಕಲ್ವಾ ಅಂದರು. ಸಾಕಾಗುವುದಿಲ್ಲ ಅಂತ ಡಾಕ್ಟರ್ ಸ್ಪಷ್ಟವಾಗಿ ಹೇಳಿದರು. ಕ್ರೋನ್ಸ್ ಇರುವ ಕೆಲವರಿಗೂ ಟಿಬಿ ಔಷಧ ತಗೊಂಡಾಗ ಮೊದಮೊದಲು ಆರಾಮ ಅನ್ನಿಸುತ್ತದಂತೆ. ಆದರೆ ಹುಣ್ಣು ಮಾಯುವುದಿಲ್ಲ. ಆರಾಮವನ್ನು ನಂಬಿ ಆರು ತಿಂಗಳು ಕಳೆದು, ಆಮೇಲೆ ಮೊದಲಿಗೇ ಬಂದು ನಿಂತವರು ಇದ್ದಾರಂತೆ.

ಔಷಧ ಶುರುವಾದ ಮೇಲೆ

ಜುಲೈ ಕೊನೆಯ ವಾರದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸಿ ಔಷಧ ಕೊಟ್ಟರು. ಪೂರ್ತಿ ಉಚಿತ. ಅವರ ತೂಕಕ್ಕೆ ದಿನಕ್ಕೆ ನಾಲ್ಕು ಮಾತ್ರೆ. ಮೊದಲ ಎರಡು ತಿಂಗಳು ನಾಲ್ಕು ಔಷಧ ಸೇರಿದ್ದು, ನಂತರ ನಾಲ್ಕು ತಿಂಗಳು ಮೂರು ಔಷಧ ಸೇರಿದ್ದು. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟಕ್ಕೆ ಅಂತ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ ಅದು 1000 ಆಯಿತು.

ಆ ಮಾತ್ರೆಯಲ್ಲಿ ರಿಫಾಂಪಿಸಿನ್ ಅನ್ನುವ ಔಷಧ ಇರುವುದರಿಂದ ಮೂತ್ರ ಕಿತ್ತಳೆ ಕೆಂಪು ಆಗುತ್ತದೆ, ಹೆದರಬೇಡಿ ಅಂತ ನರ್ಸ್ ಹೇಳಿದ್ದರು. ಭಾವ ಹೆದರಲಿಲ್ಲ. ಆಟಿ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಾಗುವುದು ಕೊಡಗಿನವರಿಗೆ ಚಿಕ್ಕಂದಿನಿಂದ ಗೊತ್ತು. ಔಷಧ ಶುರುವಾದ ಹೊಸತರಲ್ಲೇ ಆಗಸ್ಟ್ 3ರ ಆಟಿ ಹದಿನೆಂಟು ಬಂತು. ಆ ವರ್ಷ ಪಾಯಸ ತಿನ್ನಲಿಲ್ಲ. ಹೆದರಬೇಕಾದ ಲಕ್ಷಣಗಳು ಬೇರೆ. ಕಣ್ಣು ಹಳದಿಯಾಗುವುದು, ನಿಲ್ಲದ ವಾಂತಿ, ದೃಷ್ಟಿ ಮಂಜಾಗುವುದು ಅಥವಾ ಬಣ್ಣ ಗುರುತು ಸಿಗದಿರುವುದು. ಇವು ಕಂಡರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು. ಹೆಂಡ, ಬ್ರಾಂದಿ ಪೂರ್ತಿ ಬಂದ್.

ಮನೆಯಲ್ಲಿ ದೊಡ್ಡ ಪ್ರಶ್ನೆ ತಟ್ಟೆ, ಲೋಟದ್ದು. ಶ್ವಾಸಕೋಶದಲ್ಲಿ ಟಿಬಿ ಇಲ್ಲ, ಕೆಮ್ಮಿಲ್ಲ, ಹಾಗಾಗಿ ಗಾಳಿಯಲ್ಲಿ ಹರಡುವ ಭಯ ಇಲ್ಲ, ಒಟ್ಟಿಗೆ ಊಟ ಮಾಡಿ ಅಂದರು. ಆದರೂ ಮನೆಯವರನ್ನೆಲ್ಲಾ ಒಮ್ಮೆ ತಪಾಸಣೆ ಮಾಡಿದರು. ತೋಟದಲ್ಲಿ ಮಾತ್ರ ಭಾವ ಯಾರಿಗೂ ಹೇಳಲಿಲ್ಲ. ಅಲ್ಸರ್ ಅಂದುಬಿಟ್ಟರು. ತೋಟದ ಕೆಲಸಗಾರರು ಇರುವ ಸಾಲು ಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ, ಒಂದು ಮಾತು ಹರಡಿದರೆ ಅವರು ಹಿಡಿದ ಚೆಕ್‌ರೋಲ್ ಮುಟ್ಟುವುದಕ್ಕೂ ಜನ ಹಿಂಜರಿಯುತ್ತಾರೆ ಅನ್ನುವ ಭಯ. ಔಷಧ ಮುಗಿದ ಮೇಲೆ ಅವರೇ ಹೇಳಿಕೊಂಡರು. ಆಗ ಲೈನ್ ಮನೆಯ ಒಬ್ಬ ಹೆಂಗಸು, ತನ್ನ ಮಗನಿಗೂ ಹೀಗೇ ಸಂಜೆ ಜ್ವರ, ಹೊಟ್ಟೆನೋವು ಅಂತ ಬಂದು ಕೇಳಿದಳು. ಇದನ್ನು ಬರೆಯಿರಿ ಅಂತ ಭಾವ ನನಗೆ ಹೇಳಿದ್ದು ಅದಾದ ಮೇಲೆ.

ಮೂರು ವಾರಕ್ಕೆ ಜ್ವರ ನಿಂತಿತು. ಎರಡು ತಿಂಗಳಿಗೆ ತೂಕ ನಾಲ್ಕು ಕೆಜಿ ಏರಿತು. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ ಅನ್ನುವ ರಿಪೋರ್ಟ್ ನಡುವೆ ಬಂದು ಮತ್ತೆ ಕಳವಳವಾಯಿತು. ಅಕ್ಟೋಬರ್ ಮೊದಲಲ್ಲಿ ಕೊಲೊನೋಸ್ಕೋಪಿ ಮಾಡಿದರು. ಹುಣ್ಣುಗಳಿದ್ದ ಜಾಗದಲ್ಲಿ ಬಿಳಿ ಗಾಯದ ಕಲೆ ಮಾತ್ರ ಇತ್ತು. ಕ್ಯಾಲ್ಪ್ರೊಟೆಕ್ಟಿನ್ 480ರಿಂದ 70ಕ್ಕೆ ಇಳಿದಿತ್ತು. ಆವತ್ತು ಡಾಕ್ಟರ್ ಫೈಲಿನ ಮೇಲೆ ಕರುಳಿನ ಟಿಬಿ ಅಂತ ಬರೆದರು. ಅಲ್ಲಿಯವರೆಗೆ ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇತ್ತು. ಜನವರಿ ಕೊನೆಗೆ ಆರು ತಿಂಗಳ ಔಷಧ ಮುಗಿಯಿತು.

ಈಗ

ಕಾಯಿಲೆ ಹೋಗಿದೆ, ಆದರೆ ಎರಡು ವರ್ಷದ ಗಾಯ ಕರುಳನ್ನು ಸ್ವಲ್ಪ ಕಿರಿದು ಮಾಡಿಯೇ ಹೋಗಿದೆ. ಟಿಬಿ ವಾಸಿಯಾದರೂ ಗಾಯದ ಕಲೆ ಹಾಗೇ ಉಳಿಯುತ್ತದೆ. ಬೇಗ ಪತ್ತೆಯಾಗಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ ಅಂತ ನಾನು ಕೇಳಿದೆ. ಇರಬಹುದು ಅಂದರು ಡಾಕ್ಟರ್. ಹಲಸಿನ ಹಣ್ಣು, ಕಣಿಲೆ ಜಾಸ್ತಿ ತಿಂದರೆ ಇನ್ನೂ ಹೊಟ್ಟೆ ಹಿಂಡುತ್ತದೆ. ಸಣ್ಣದಾಗಿ ಹೆಚ್ಚಿ, ಚೆನ್ನಾಗಿ ಬೇಯಿಸಿ, ಸ್ವಲ್ಪವೇ ತಿನ್ನುತ್ತಾರೆ. ಕಾಚಂಪುಳಿ ಸಾರಿಗೆ ವಾಪಸ್ ಬಂದಿದೆ, ಹಂದಿ ಕರಿಯೂ ಬಂದಿದೆ. ತೂಕ 61 ಕೆಜಿ.

ಮುಂದೆ ನೋವು ಹೆಚ್ಚಾದರೆ ಬಲೂನ್ ಹಾಕಿ ಆ ಜಾಗವನ್ನು ಅಗಲ ಮಾಡಬಹುದು, ಅದಕ್ಕೂ ಬಗ್ಗದಿದ್ದರೆ ಆಪರೇಷನ್ ಅಂದಿದ್ದಾರೆ. ಸದ್ಯಕ್ಕೆ ಎರಡೂ ಬೇಕಾಗಿಲ್ಲ. ಹೊಟ್ಟೆ ಬಿಗಿದುಕೊಂಡು, ವಾಂತಿಯಾಗಿ, ಗಾಳಿ, ಮಲ ಎರಡೂ ನಿಂತರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಮಧ್ಯರಾತ್ರಿಯಾದರೂ ಹೊರಡಿ ಅಂತ ಹೇಳಿ ಕಳಿಸಿದ್ದಾರೆ. ಮಳೆಗಾಲದಲ್ಲಿ ನಮ್ಮ ರಸ್ತೆಗಳ ಗತಿ ಗೊತ್ತಿರುವುದರಿಂದ, ರಾತ್ರಿ ಕರೆದರೆ ಬರುವ ಜೀಪಿನವರ ನಂಬರನ್ನು ಅಕ್ಕ ಫೋನಿನ ಪಕ್ಕದ ಗೋಡೆಯ ಮೇಲೆ ಬರೆದಿಟ್ಟಿದ್ದಾಳೆ.